ಐಸ್ ತುಂಬಿದ ಮೇಲೆ ಸೋರುವ ಕ್ಯಾಬಿನ್: ಮಲ್ಪೆಯ ಟ್ರಾಲ್ ಬೋಟೊಂದರ ಪ್ರಕರಣ

ಈ ಪ್ರಕರಣದ ಬೋಟ್ ಮಲ್ಪೆ ಬಂದರಿನ ಒಂದು ಆಳಸಮುದ್ರ ಟ್ರಾಲ್ ಬೋಟ್, ಅಂದರೆ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಬೋಟ್. ಉದ್ದ ಸುಮಾರು 21 ಮೀಟರ್. ಒಡಲು ಮರದ್ದು, ಹೊರಗೆ ಫೈಬರ್ ಹೊದಿಕೆ. ಪ್ಲೈವುಡ್ಡಿನ ಕ್ಯಾಬಿನ್ ಮುಂಭಾಗದಲ್ಲಿದೆ. ಅದರಲ್ಲಿ ಎದುರಿಗೆ ತಾಂಡೇಲರು ನಿಂತು ಬೋಟ್ ನಡೆಸುವ ಜಾಗ, ಅದರ ಹಿಂದೆ ಎರಡೂ ಬದಿಗೆ ಕಲಾಸಿಗಳು (ಬೋಟಿನ ಕೆಲಸಗಾರರು) ಮಲಗುವ ಬಂಕ್‌ಗಳು, ತೀರಾ ಹಿಂದೆ ಅಡುಗೆಯ ಮೂಲೆ. ಕ್ಯಾಬಿನ್ನಿನ ಅಡಿಯಲ್ಲಿ ಇಂಜಿನ್. ಅದರ ಹಿಂದೆ, ಡೆಕ್ಕಿನ ಕೆಳಗೆ, ಮೀನು ಮತ್ತು ಐಸ್ ತುಂಬುವ ಹೋಲ್ಡ್. ಬೋಟಿನ ರಚನೆಯನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ: ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕ್ಯಾಬಿನ್ನಿನ ಒಳಗೆ ಹುಡುಕಿದ್ದರಿಂದಲ್ಲ, ಐಸ್ ಎಲ್ಲಿ ತುಂಬುತ್ತಾರೆ ಎಂಬುದನ್ನು ಗಮನಿಸಿದ್ದರಿಂದ.

ನಾನು ಬೋಟುಗಳ ವಯರಿಂಗ್ ಮತ್ತು ಸಂಪರ್ಕ ಸಾಧನಗಳ ಕೆಲಸ ಮಾಡುವವನು. ಈ ಬೋಟಿನ ಮಾಲಕರು ನನ್ನನ್ನು ಕರೆಸಿದ್ದು ವಿಎಚ್‌ಎಫ್ ವಯರ್‌ಲೆಸ್ ಎರಡನೆಯ ಬಾರಿ ಕೆಟ್ಟಿತೆಂಬ ಕಾರಣಕ್ಕೆ. ಸೆಟ್ಟನ್ನು ಬಿಚ್ಚಿ ನೋಡಿದರೆ ಆಂಟೆನಾ ಕೇಬಲಿನ ಕನೆಕ್ಟರಿನೊಳಗೆ ತಾಮ್ರ ಹಸಿರುಗಟ್ಟಿತ್ತು. ಕೇಬಲಿನ ಹೊರಕವಚವನ್ನು ಒಂದು ಗೇಣಿನಷ್ಟು ಸುಲಿದಾಗ ಒಳಗಿನ ಜಾಲರಿ ಕಪ್ಪಾಗಿತ್ತು, ಬೆರಳಿನಿಂದ ಹಿಂಡಿದರೆ ತೇವ ಹತ್ತುತ್ತಿತ್ತು. ಸೆಟ್ ಬದಲಾಯಿಸಿ ಕೊಡಬಹುದಿತ್ತು, ಆದರೆ ಮುಂದಿನ ಮಳೆಗೆ ಹೊಸದಕ್ಕೂ ಅದೇ ಗತಿ ಎಂಬುದು ಸ್ಪಷ್ಟವಿತ್ತು. ಹೀಗೆ ವಯರ್‌ಲೆಸ್ಸಿನ ಕೆಲಸ ಸೋರಿಕೆಯ ಕೆಲಸವಾಯಿತು.

ಕ್ಯಾಬಿನ್ ಸೋರುವುದು ಮಾಲಕರಿಗೆ ಹೊಸ ವಿಷಯವೇನೂ ಆಗಿರಲಿಲ್ಲ. ಎಡಬದಿಯ ಕೊನೆಯ ಬಂಕಿನ ಹಾಸಿಗೆ ಯಾವಾಗಲೂ ತೇವವಾಗಿರುತ್ತಿತ್ತು. ಅದರ ಮೇಲಿನ ಒಳಮಾಡಿನ ಹಲಗೆಯಲ್ಲಿ ಕಂದು ಕಲೆ ಹಬ್ಬಿತ್ತು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಬೋಟುಗಳ ರಿಪೇರಿ ಸಾಮಾನ್ಯವಾಗಿ ಈ ಅವಧಿಯಲ್ಲೇ ನಡೆಯುತ್ತದೆ. ಅಂಥ ಎರಡು ನಿಷೇಧದ ಅವಧಿಗಳಲ್ಲಿ ಎಡಬದಿಯ ಕಿಟಕಿಗಳಿಗೂ ಬಲಬದಿಯ ಕಿಟಕಿಗಳಿಗೂ ಸುತ್ತ ಸಿಲಿಕೋನ್ ತುಂಬಿಸಲಾಗಿತ್ತು, ಕ್ಯಾಬಿನ್ನಿನ ಹೊರಗೋಡೆಗೆ ಹೊಸ ಪೇಂಟ್ ಬಳಿಯಲಾಗಿತ್ತು. ಪ್ರತಿ ಸಲವೂ ಪೈಪಿನಿಂದ ನೀರು ಹೊಡೆದು ಪರೀಕ್ಷಿಸಿದ್ದರಂತೆ, ಸೋರಿರಲಿಲ್ಲ. ಆಗಸ್ಟಿನಲ್ಲಿ ಸಮುದ್ರಕ್ಕೆ ಹೋದ ಮೊದಲ ರಾತ್ರಿಯೇ ಹಾಸಿಗೆ ಮತ್ತೆ ಒದ್ದೆ. ಸಾಲದ್ದಕ್ಕೆ, ಕಿಟಕಿಗಳ ರಿಪೇರಿಯ ನಂತರ, ಹಿಂದೆಂದೂ ಸೋರದಿದ್ದ ಬಲಬದಿಯ ಬಂಕಿಗೂ ನೀರು ಬರತೊಡಗಿತು.

ಹೇಳಿಕೆಗಳು

ಸೋರುವ ಜಾಗವನ್ನು ಮುಟ್ಟುವ ಮೊದಲು ಅಲ್ಲಿ ಮಲಗುವವರನ್ನು ವಿಚಾರಿಸುವುದು ಒಳ್ಳೆಯದು. ನೀರು ಎಲ್ಲಿ ಬೀಳುತ್ತದೆ ಎಂದು ಕೇಳಿದರೆ ಎಲ್ಲರೂ ಒಂದೇ ಜಾಗ ತೋರಿಸುತ್ತಾರೆ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಯಾವಾಗ ಬೀಳುತ್ತದೆ, ಮಳೆ ನಿಂತ ಮೇಲೂ ಬೀಳುತ್ತದೆಯೇ, ದಕ್ಕೆಯಲ್ಲಿ ಕಟ್ಟಿ ನಿಲ್ಲಿಸಿದಾಗ ಬೀಳುತ್ತದೆಯೇ ಎಂದು ಕೇಳಿದಾಗ ಮಾತ್ರ ಉತ್ತರಗಳು ಬೇರೆ ಬೇರೆಯಾಗುತ್ತವೆ, ಕೆಲಸಕ್ಕೂ ಬರುತ್ತವೆ.

ತಾಂಡೇಲರ ಪ್ರಕಾರ ಎದುರಿನಿಂದ ಬರುವ ತೆರೆಯೇ ಕಾರಣ, ಅಂದರೆ ಉಪ್ಪುನೀರು. ಇನ್ನೊಬ್ಬರ ಪ್ರಕಾರ ಡಿಸೆಂಬರಿನಲ್ಲಿ ಮಳೆಯೇ ಇಲ್ಲದಿದ್ದಾಗಲೂ ಬೆಳಗಿನ ಜಾವ ಮುಖದ ಮೇಲೆ ಹನಿ ಬೀಳುತ್ತದೆ. ಉತ್ತರ ಕನ್ನಡ ಕಡೆಯ ಅಡುಗೆಯವರು ಹೇಳಿದ ಮಾತಿಗೆ ಉಳಿದವರು ನಕ್ಕುಬಿಟ್ಟರು: "ಬರೀ ಮಳೆ ಬಂದ್ರೆ ಸೋರೂದಿಲ್ಲ, ಐಸ್ ತುಂಬಿದ್ಮೇಲೆ ಸೋರ್ತದೆ." ಐಸ್ ಕರಗಿದ ನೀರು ಡೆಕ್ಕಿನ ಕೆಳಗಿರುತ್ತದೆ, ಅದು ತಲೆಯ ಮೇಲಿನಿಂದ ಬೀಳಲು ಸಾಧ್ಯವಿಲ್ಲ ಎಂಬುದು ನಕ್ಕವರ ವಾದ. ವಾದ ಸರಿಯಾಗಿಯೇ ಇತ್ತು, ಆದರೂ ಅಡುಗೆಯವರು ಹೇಳಿದ್ದು ತಾವು ಕಂಡದ್ದನ್ನು. ಅವರು ಕಾರಣವನ್ನು ಹೇಳಿರಲಿಲ್ಲ, ಸಮಯವನ್ನು ಹೇಳಿದ್ದರು. ಈ ಮೂರೂ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ತೋರಿದರೂ, ನೀರಿನ ಮೂಲ ಒಂದಕ್ಕಿಂತ ಹೆಚ್ಚು ಎಂದುಕೊಂಡರೆ ಮೂರೂ ನಿಜವಾಗಿರಬಹುದಿತ್ತು.

ಉಪ್ಪಿನ ಪ್ರಶ್ನೆ

ತೆರೆಯ ನೀರೋ ಮಳೆಯ ನೀರೋ ಎಂಬುದನ್ನು ತೀರ್ಮಾನಿಸಲು ಹೆಚ್ಚಿನವರು ನಾಲಗೆಗೆ ಹಚ್ಚಿ ನೋಡುತ್ತಾರೆ. ಮನೆಯ ನೀರಿನ ಫಿಲ್ಟರ್ ರಿಪೇರಿಗೆ ಬರುವವರ ಕೈಯಲ್ಲಿರುವ, ನೀರಿನಲ್ಲಿ ಕರಗಿದ ಲವಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಖಚಿತವಾಗುತ್ತದೆ. ಮಳೆನೀರಿನಲ್ಲಿ ಅದರ ಅಂಕಿ ಕೆಲವು ಹತ್ತುಗಳನ್ನು ದಾಟುವುದು ಕಡಿಮೆ. ಸಮುದ್ರದ ನೀರಿನಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುವುದರಿಂದ ಈ ಮೀಟರುಗಳು ಕೈಚೆಲ್ಲುತ್ತವೆ. ನೂರು ಪಾಲು ಶುದ್ಧ ನೀರಿಗೆ ಒಂದು ಪಾಲು ಬೆರೆಸಿ ಅಳೆಯಬೇಕಾಗುತ್ತದೆ.

ಹಾಸಿಗೆಯಿಂದ ಹಿಂಡಿದ ನೀರಿನ ಅಂಕಿ ಎರಡು ಸಾವಿರವನ್ನು ಮೀರಿತ್ತು: ಮಳೆನೀರೆನ್ನಲು ತುಂಬಾ ಹೆಚ್ಚು, ಸಮುದ್ರದ ನೀರೆನ್ನಲು ತುಂಬಾ ಕಡಿಮೆ. ಇಂಥ ನಡುವಿನ ಅಂಕಿ ಬಂದಾಗ ಎರಡೂ ಬೆರೆತಿದೆ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಉಪ್ಪುಮೈಯಲ್ಲಿ ವರ್ಷಗಟ್ಟಲೆ ಜನ ಮಲಗಿದ ಹಾಸಿಗೆಯಲ್ಲಿ ಉಪ್ಪು ಮೊದಲೇ ಇರುತ್ತದೆ. ಅದರ ಮೇಲೆ ಬಿದ್ದ ಸಿಹಿನೀರು ಅದನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ನೀರು ಏನನ್ನೂ ಮುಟ್ಟುವ ಮೊದಲೇ, ಒಳಮಾಡಿನ ಸಂದಿನಿಂದ ಹನಿ ಕೆಳಗೆ ಬೀಳುವಾಗಲೇ, ಅದನ್ನು ಹಿಡಿಯಬೇಕು. ಮುಂದೆ ಹಾಗೆ ಹಿಡಿದ ಮಾದರಿಯ ಅಂಕಿ ನೂರರ ಆಸುಪಾಸಿನಲ್ಲಿತ್ತು, ಹಾಗಾಗಿ ತೆರೆಯ ನೀರಿನ ಊಹೆಯನ್ನು ಬದಿಗಿಡಲಾಯಿತು. ಮಳೆಗಾಲದಲ್ಲಿ ಹೊಳೆಯ ನೀರು ಬಂದರಿನೊಳಗೂ ತುಂಬಿ ಅಲ್ಲಿಯ ನೀರಿನ ಉಪ್ಪೇ ಕಡಿಮೆಯಾಗುವುದರಿಂದ, ಒಡಲಿನ ಕೆಳಭಾಗದ ಸೋರಿಕೆಯನ್ನು ಹುಡುಕುವವರಿಗೆ ಜುಲೈ ತಿಂಗಳಿನಲ್ಲಿ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ನಮ್ಮದು ಚಾವಣಿಯ ಮಾತಾದ್ದರಿಂದ ನಡೆಯಿತು.

ಒಣಗಿಸುವುದು ಮತ್ತು ತೆರೆಯುವುದು

ಒದ್ದೆ ಕ್ಯಾಬಿನ್ನಿನಲ್ಲಿ ಹೊಸ ನೀರನ್ನು ಗುರುತಿಸಲಾಗುವುದಿಲ್ಲ. ಹಾಸಿಗೆಗಳನ್ನೆಲ್ಲ ಹೊರಗೆ ಸಾಗಿಸಿ, ಎಡಬದಿಯ ಒಳಮಾಡಿನ ಹಲಗೆಗಳನ್ನು ಬಿಚ್ಚಿಸಿ, ಫ್ಯಾನ್ ಮತ್ತು ಹ್ಯಾಲೊಜೆನ್ ದೀಪಗಳನ್ನು ಇಟ್ಟು ಒಣಗಿಸಬೇಕಾಯಿತು. ಹಲಗೆ ಬಿಚ್ಚಲು ಮಾಲಕರು ಮೊದಲು ಒಪ್ಪಲಿಲ್ಲ, ಸನ್‌ಮೈಕಾ ಅಂಟಿಸಿದ ಹಲಗೆ ಮತ್ತೆ ಸರಿಯಾಗಿ ಕೂರುವುದಿಲ್ಲವೆಂಬುದು ಅವರ ಆತಂಕ. ನನ್ನ ಅನುಭವದಲ್ಲಿ ಸೋರಿಕೆಯ ಹುಡುಕಾಟ ಹೆಚ್ಚಾಗಿ ನಿಂತುಹೋಗುವುದು ಇದೇ ಹಂತದಲ್ಲಿ: ಅಂದವಾಗಿ ಕಾಣುವ ಒಳಹೊದಿಕೆಯನ್ನು ಉಳಿಸಿಕೊಂಡು, ಹೊರಗಿನಿಂದ ಸಿಲಿಕೋನ್ ಬಳಿಯುತ್ತಲೇ ವರ್ಷಗಳನ್ನು ಕಳೆಯುತ್ತಾರೆ.

ಹಲಗೆ ಬಿಚ್ಚಿದಾಗ ಕಂಡದ್ದು ಇದು. ಕ್ಯಾಬಿನ್ನಿನ ಚಾವಣಿ ನಡುವೆ ಸ್ವಲ್ಪ ಉಬ್ಬಿ ಎರಡೂ ಬದಿಗೆ ಇಳಿಜಾರಾಗಿದೆ. ಅದರ ಅಡಿಯಲ್ಲಿ ಎಡದಿಂದ ಬಲಕ್ಕೆ ಅಡ್ಡ ಜಂತಿಗಳು ಹೋಗುತ್ತವೆ. ಹಿಂದಿನಿಂದ ಎರಡನೆಯ ಜಂತಿಯ ಮುಂಬದಿಯ ಮಗ್ಗುಲಲ್ಲಿ, ಚಾವಣಿಯ ನಡುವಿನಿಂದ ಎಡಗೋಡೆಯವರೆಗೆ, ಒಂದು ಕಪ್ಪು ಗೆರೆ ಎಳೆದಂತೆ ಇತ್ತು. ಚಾಕುವಿನ ಮೊನೆಯಿಂದ ಒತ್ತಿದರೆ ಆ ಗೆರೆಯಲ್ಲಿ ಮರ ಮೆತ್ತಗೆ, ಎರಡು ಬೆರಳು ಆಚೆ ಗಟ್ಟಿ. ಗೆರೆಯ ಎಡತುದಿ ಒದ್ದೆಯಾಗುವ ಬಂಕಿನ ನೇರ ಮೇಲೆ ಮುಗಿಯುತ್ತಿತ್ತು. ಬಲತುದಿಯ ಹತ್ತಿರ, ಬಂಕಿನಿಂದ ಸುಮಾರು ಒಂದೂಮುಕ್ಕಾಲು ಮೀಟರ್ ದೂರದಲ್ಲಿ, ಚಾವಣಿಯ ಮೇಲಿನ ಕಂಬದ ನಾಲ್ಕು ಬೋಲ್ಟ್‌ಗಳು ಕೆಳಗೆ ಇಣುಕುತ್ತಿದ್ದವು. ಆಂಟೆನಾ ಮತ್ತು ದೀಪಗಳನ್ನು ಹೊತ್ತ ಕಂಬ ಅದು. ಬೋಲ್ಟ್‌ಗಳ ನಟ್ಟಿನ ಸುತ್ತ ತುಕ್ಕಿನ ಉಂಗುರಗಳಿದ್ದವು.

ಇಷ್ಟರಿಂದಲೇ ಕಂಬವನ್ನು ಅಪರಾಧಿಯೆಂದು ಸಾರಬಹುದಿತ್ತು. ಆದರೆ ನಾವು ನೋಡುತ್ತಿದ್ದಾಗಲೇ ಹೊರಗೆ ಆಷಾಢದ ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು, ಬೋಲ್ಟ್‌ಗಳು ಒಣಗಿಯೇ ಇದ್ದವು. ಇಷ್ಟು ಮಳೆಗೆ ಬಾರದ ನೀರು ಆಗಸ್ಟಿನ ಮೊದಲ ರಾತ್ರಿ ಏಕೆ ಬರುತ್ತದೆ ಎಂಬುದನ್ನು ವಿವರಿಸದ ಯಾವ ತೀರ್ಮಾನವೂ ಅರ್ಧ ತೀರ್ಮಾನವೇ.

ಬೋಟಿನ ಭಂಗಿ

ಅಡುಗೆಯವರ ಮಾತು ಇಲ್ಲಿ ಕೆಲಸಕ್ಕೆ ಬಂತು. ಚಾವಣಿಯ ಸುತ್ತ ಎರಡು ಬೆರಳೆತ್ತರದ ಅಂಚು ಇದೆ, ನೀರು ಇಳಿಯಲು ಎರಡು ತೂತುಗಳಿವೆ, ಎರಡೂ ಮುಂದಿನ ಮೂಲೆಗಳಲ್ಲಿ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಚಾವಣಿಯ ಮುಂದಿನ ಮತ್ತು ಹಿಂದಿನ ಅಂಚುಗಳ ಎತ್ತರವನ್ನು ಹೋಲಿಸಿದೆವು. ಬೋಟ್ ಖಾಲಿಯಾಗಿ ಕಟ್ಟಿ ನಿಂತಿದ್ದಾಗ, ನಾಲ್ಕು ಮೀಟರ್ ಉದ್ದದ ಚಾವಣಿ ಮುಂದಕ್ಕೆ ಸುಮಾರು 35 ಮಿಲಿಮೀಟರ್ ತಗ್ಗಿತ್ತು. ಬಿದ್ದ ಮಳೆಯೆಲ್ಲ ಮುಂದಕ್ಕೆ ಹರಿದು ತೂತುಗಳಿಂದ ಇಳಿದುಹೋಗುತ್ತಿತ್ತು. ಕಂಬದ ಬುಡದಲ್ಲಿ ನೀರು ನಿಲ್ಲುತ್ತಲೇ ಇರಲಿಲ್ಲ. ತೂತುಗಳನ್ನು ಮುಂದೆ ಇಟ್ಟವರು ಬೋಟ್ ಖಾಲಿಯಿದ್ದಾಗ ನೋಡಿ ಇಟ್ಟಿರಬೇಕು, ಅಲ್ಲಿಯವರೆಗೆ ಅವರದು ಸರಿಯೇ.

ಆದರೆ ಹತ್ತಾರು ದಿನಗಳ ಮೀನುಗಾರಿಕೆಗೆ ಹೊರಡುವ ಬೋಟಿನ ಹೋಲ್ಡಿಗೆ ಟನ್ನುಗಟ್ಟಲೆ ಐಸ್ ಬೀಳುತ್ತದೆ, ಅದರ ಹಿಂದೆ ಬಲೆ ಮತ್ತು ಬಲೆಯ ಬಾಯಿಯನ್ನು ಅಗಲಿಸಿ ಹಿಡಿಯುವ ಟ್ರಾಲ್ ಬೋರ್ಡುಗಳ ಭಾರ. ಈ ತೂಕವೆಲ್ಲ ಕ್ಯಾಬಿನ್ನಿನ ಹಿಂದೆ ಇರುವುದರಿಂದ ಬೋಟಿನ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಆಗ ಚಾವಣಿಯ ಇಳಿಜಾರು ತಿರುಗಿ ಹಿಂದಕ್ಕಾದರೆ, ತೂತುಗಳಿಲ್ಲದ ಆ ತುದಿಯಲ್ಲಿ ಕೆರೆಯೇ ನಿಲ್ಲಬೇಕು.

ನಿಷೇಧದ ಅವಧಿಯಲ್ಲಿ ಐಸ್ ತುಂಬಿಸುವಂತಿರಲಿಲ್ಲ. ಬದಲಿಗೆ ಹಿಂದಿನ ಡೆಕ್ಕಿನಲ್ಲಿ, ಸಾಧ್ಯವಾದಷ್ಟು ತುದಿಗೆ, ಇನ್ನೂರು ಲೀಟರಿನ 20 ಡ್ರಮ್‌ಗಳನ್ನು ಎರಡೂ ಬದಿಗೆ ಸಮನಾಗಿ ಇಟ್ಟು ಪಂಪಿನಿಂದ ನೀರು ತುಂಬಿಸಿದೆವು. ಅಷ್ಟಾದರೆ ನಾಲ್ಕು ಟನ್ ಭಾರ. ಡೆಕ್ಕಿನ ಮೇಲೆ ಇಷ್ಟು ಭಾರ ಹೇರುವಾಗ ಬೋಟ್ ದಕ್ಕೆಗೆ ಭದ್ರವಾಗಿ ಕಟ್ಟಿರಬೇಕು, ಡ್ರಮ್‌ಗಳು ಜಾರದಂತೆ ಹಗ್ಗದಿಂದ ಬಿಗಿದಿರಬೇಕು. ಜೋರು ಗಾಳಿಯಿರುವಾಗ ಮಾಡುವ ಕೆಲಸ ಇದಲ್ಲ. ಡ್ರಮ್‌ಗಳು ತುಂಬಿದ ಮೇಲೆ ಪೈಪಿನ ಮಟ್ಟ ಮತ್ತೆ ನೋಡಿದರೆ ಚಾವಣಿಯ ಹಿಂದಿನ ಅಂಚು ಮುಂದಿನದಕ್ಕಿಂತ ಸುಮಾರು 15 ಮಿಲಿಮೀಟರ್ ಕೆಳಗಿತ್ತು. ಮುಂದಿನ ಮಳೆ ಬರುವವರೆಗೆ ಕಾಯುವ ಅಗತ್ಯವೂ ಬೀಳಲಿಲ್ಲ. ಪೈಪಿನಿಂದ ಚಾವಣಿಗೆ ನಿಧಾನವಾಗಿ ನೀರು ಬಿಟ್ಟಾಗ ಅದು ಹಿಂದಕ್ಕೆ ಹರಿದು ಕಂಬದ ಬುಡವನ್ನು ಮುಳುಗಿಸಿ ನಿಂತಿತು.

ಆ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿದೆವು. ಕ್ಯಾಬಿನ್ನಿನೊಳಗೆ ಜಂತಿಗಳ ಮಗ್ಗುಲಿಗೆ ಸೀಮೆಸುಣ್ಣದ ಪುಡಿ ಬಳಿದು, ಬಂಕಿನ ಮೇಲೆ ಬಿಳಿ ಕಾಗದ ಹಾಸಿ, ಒಬ್ಬರನ್ನು ಟಾರ್ಚ್ ಕೊಟ್ಟು ಕೂರಿಸಲಾಯಿತು. ಮೊದಲ ಕಾಲು ಗಂಟೆ ಏನೂ ಇಲ್ಲ. ಆಮೇಲೆ ಕಂಬದ ಎಡಹಿಂದಿನ ಬೋಲ್ಟಿನ ಸುತ್ತ ಸುಣ್ಣದ ಪುಡಿ ಬಣ್ಣಗೆಟ್ಟಿತು. ನೀಲಿ ಗೆರೆ ಜಂತಿಯ ಮಗ್ಗುಲು ಹಿಡಿದು ಎಡಕ್ಕೆ ಸರಿಯುವುದು ಕಣ್ಣಿಗೆ ಕಾಣುವಷ್ಟು ನಿಧಾನವಾಗಿತ್ತು: ನೀರಿಗೆ ಜಂತಿ ಅಣೆಕಟ್ಟಾಗಿತ್ತು, ಹಿಂದಕ್ಕೆ ಹೋಗಲಾರದೆ ಚಾವಣಿಯ ಇಳಿಜಾರಿಗೆ ತಕ್ಕಂತೆ ಬದಿಗೆ ಇಳಿಯುತ್ತಿತ್ತು. ಬಂಕಿನ ಕಾಗದದ ಮೇಲೆ ಮೊದಲ ನೀಲಿ ಹನಿ ಬಿದ್ದಾಗ, ನೀರು ನಿಲ್ಲಿಸಿ ಸುಮಾರು 40 ನಿಮಿಷಗಳಾಗಿದ್ದವು. ಹಿಂದಿನ ವರ್ಷಗಳ ಪೈಪ್ ಪರೀಕ್ಷೆಗಳು ಏಕೆ ಸುಳ್ಳು ಹೇಳಿದವೆಂಬುದಕ್ಕೂ ಉತ್ತರ ಸಿಕ್ಕಂತಾಯಿತು. ಖಾಲಿ ಬೋಟಿಗೆ ಐದು ನಿಮಿಷ ನೀರು ಹೊಡೆದರೆ ಭಂಗಿಯೂ ಸರಿಯಿಲ್ಲ, ಸಮಯವೂ ಸಾಲದು.

ಹರಿದುಹೋಗುವ ನೀರನ್ನು ತಡೆಯುವ ಬೋಲ್ಟ್ ನಿಂತ ನೀರನ್ನು ಏಕೆ ತಡೆಯುವುದಿಲ್ಲ ಎಂದು ತಾಂಡೇಲರು ಕೇಳಿದರು. ಕಂಬದ ಬುಡಕ್ಕೆ ಹಚ್ಚಿದ್ದ ಗಟ್ಟಿ ಪುಟ್ಟಿ ಇಂಜಿನ್ನಿನ ಕಂಪನಕ್ಕೂ ಕಂಬದ ಓಲಾಟಕ್ಕೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಷ್ಟು ಸಣ್ಣ ಬಿರುಕಿಗೆ ನೀರು ಇಳಿಯಲು ಸಮಯ ಬೇಕು. ನಿಂತ ನೀರಿಗೆ ಇಡೀ ರಾತ್ರಿ ಸಮಯವಿರುತ್ತದೆ. ಬೋಲ್ಟಿನ ತೂತಿನೊಳಗೆ ಪ್ಲೈವುಡ್ಡಿನ ಪದರಗಳ ಅಂಚು ಬರಿದಾಗಿತ್ತು, ಇಳಿದ ನೀರನ್ನು ಅದು ಹೀರಿಕೊಂಡು ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿಸುತ್ತಿತ್ತು. ವಯರ್‌ಲೆಸ್ಸಿನ ಕೇಬಲ್ ಕೂಡ ಅದೇ ಕಂಬದ ಬುಡದಲ್ಲಿ ಒಳಗಿಳಿದು, ಎಲ್ಲಿಯೂ ಕೆಳಕ್ಕೆ ಬಾಗದೆ, ನೇರವಾಗಿ ಸೆಟ್ಟಿನ ಬೆನ್ನಿಗೆ ಹೋಗಿತ್ತು.

ಕಿಟಕಿ ಮತ್ತು ಇಬ್ಬನಿ

ಬಲಬದಿಯ ಬಂಕಿನ ವಿಷಯವನ್ನು ಹೆಚ್ಚು ಬೆಳೆಸಬೇಕಿಲ್ಲ. ಸರಿಯುವ ಅಲ್ಯೂಮಿನಿಯಂ ಕಿಟಕಿಗಳ ಕೆಳಗಾಲುವೆಯಲ್ಲಿ ನೀರು ಬೀಳುವುದು ಸಹಜ, ಬಿದ್ದದ್ದು ಹೊರಗೆ ಹೋಗಲೆಂದು ಹೊರಮೈಯಲ್ಲಿ ಸಣ್ಣ ತೂತುಗಳಿರುತ್ತವೆ. ಸೋರಿಕೆ ನಿಲ್ಲಿಸುವ ಉತ್ಸಾಹದಲ್ಲಿ ಯಾರೋ ಅವುಗಳಿಗೂ ಸಿಲಿಕೋನ್ ತುಂಬಿಸಿದ್ದರು. ಗಾಳಿಮಳೆಗೆ ಕಾಲುವೆ ತುಂಬಿದಾಗ ನೀರಿಗೆ ಉಳಿದ ಒಂದೇ ದಾರಿ ಒಳಗಿನ ಅಂಚು. ಕೇಸರಿ ಬಣ್ಣ ಬೆರೆಸಿದ ಒಂದು ಚೊಂಬು ನೀರನ್ನು ಕಾಲುವೆಗೆ ಸುರಿದದ್ದೇ ತಡ, ಅದು ಬಂಕಿನ ಕಡೆಗೆ ಇಳಿಯಿತು. ತೂತುಗಳನ್ನು ಮೊಳೆಯಿಂದ ಬಿಡಿಸಿದ ಮೇಲೆ ಅದೇ ನೀರು ಹೊರಗೋಡೆಯ ಮೇಲೆ ಹರಿಯಿತು. ಎಡಬದಿಯಲ್ಲಿಯೂ ತೂತುಗಳನ್ನು ಮುಚ್ಚಿದ್ದರು. ಅಲ್ಲಿ ಹಾಸಿಗೆ ಮೊದಲೇ ಒದ್ದೆಯಾಗಿರುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ.

ಡಿಸೆಂಬರಿನ ಹನಿಗಳಿಗೆ ತೂತು ಹುಡುಕುವ ಅಗತ್ಯವೇ ಇರಲಿಲ್ಲ. ಮೋಡವಿಲ್ಲದ ರಾತ್ರಿ ಬರೀ ಪ್ಲೈವುಡ್ ಮತ್ತು ಫೈಬರಿನ ಚಾವಣಿ ಆಕಾಶಕ್ಕೆ ಶಾಖ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಎಂಟು ಜನ ಕಿಟಕಿ ಮುಚ್ಚಿ ಮಲಗಿದರೆ ಅವರ ಉಸಿರು ಮತ್ತು ಬೆವರಿನಿಂದಲೇ ಬೆಳಗಾಗುವಷ್ಟರಲ್ಲಿ ಎರಡು ಮೂರು ಲೀಟರ್ ನೀರು ಗಾಳಿಗೆ ಸೇರುತ್ತದೆ. ಜೊತೆಗೆ ಅಡುಗೆ ಅನಿಲ: ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ, ಅನ್ನ ಕುದಿಯುವ ಆವಿ ಬೇರೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 85 ಇದ್ದರೆ, 25 ಡಿಗ್ರಿಗೆ ಇಳಿದ ಯಾವ ಮೇಲ್ಮೈಯ ಮೇಲೂ ಇಬ್ಬನಿ ಕೂರುತ್ತದೆ. ಅನುಮಾನವಿರುವವರು ಚಾವಣಿಯ ಒಳಮೈಗೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಅಂಟಿಸಿ ಒಂದು ರಾತ್ರಿ ಬಿಡಬಹುದು. ಬೆಳಗ್ಗೆ ಹಾಳೆಯ ಕೋಣೆಯ ಕಡೆಗೆ ಹನಿಯಿದ್ದರೆ ಅದು ಇಬ್ಬನಿ, ಹಾಳೆಯ ಹಿಂದೆ ಇದ್ದರೆ ಮರದಿಂದ ಬರುತ್ತಿರುವ ನೀರು. ಈ ಬೋಟಿನಲ್ಲಿ ಬಲಬದಿಯ ಹಾಳೆಗೆ ಕೋಣೆಯ ಕಡೆಯೂ, ಕೊಳೆತ ಜಂತಿಯ ಹತ್ತಿರದ ಹಾಳೆಗೆ ಹಿಂಬದಿಯೂ ಹನಿಗಳಿದ್ದವು.

ರಿಪೇರಿ

ಜಂತಿಯ ಮೆತ್ತಗಾದ ಭಾಗವನ್ನು ಬಡಗಿಗಳು ಕತ್ತರಿಸಿ ಹೊಸ ಮರ ಕೂರಿಸಿದರು. ಕಂಬವನ್ನು ಎತ್ತಿ, ಬೋಲ್ಟಿನ ನಾಲ್ಕೂ ತೂತುಗಳನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು ಒಣಗಿಸಲಾಯಿತು. ಮಳೆಗಾಲದಲ್ಲಿ ಒಣಗಿಸುವುದು ಹೇಳಿದಷ್ಟು ಸುಲಭವಲ್ಲ. ಗಾಳಿಯ ಆರ್ದ್ರತೆ ಶೇಕಡಾ 90 ಇರುವಾಗ ಮರ ತಾನಾಗಿ ಶೇಕಡಾ 20ರಷ್ಟು ತೇವವನ್ನು ಉಳಿಸಿಕೊಳ್ಳುತ್ತದೆ, ಎಷ್ಟು ದಿನ ಬಿಟ್ಟರೂ ಅದಕ್ಕಿಂತ ಒಣಗದು. ಆದ್ದರಿಂದ ಚಾವಣಿಗೆ ಟಾರ್ಪಾಲು ಕಟ್ಟಿ, ಒಳಗೆ ದೀಪಗಳ ಶಾಖ ಕೊಟ್ಟು, ತೂತಿನ ಅಂಚು ಬೆಚ್ಚಗೆ ಒಣಗಿದ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ತುಂಬಿಸಿ, ಅದು ಗಟ್ಟಿಯಾದ ನಂತರ ಅದರ ನಡುವೆ ಬೋಲ್ಟಿನ ಅಳತೆಯ ಹೊಸ ತೂತು ಕೊರೆಯಲಾಯಿತು. ಈಗ ನೀರು ಬೋಲ್ಟಿನ ಪಕ್ಕದಿಂದ ಇಳಿದರೂ ಅದಕ್ಕೆ ಎದುರಾಗುವುದು ಎಪಾಕ್ಸಿ, ಪ್ಲೈವುಡ್ಡಿನ ಅಂಚಲ್ಲ. ಕಂಬದ ಬುಡಕ್ಕೆ ಒಂದಿಂಚು ದಪ್ಪದ ಪೀಠ ಕೊಟ್ಟು, ಬಳುಕುವ ಗುಣವಿರುವ ಪಾಲಿಯುರೇಥೇನ್ ಸೀಲಂಟ್ ಹಚ್ಚಿ, ಬೋಲ್ಟ್‌ಗಳನ್ನು ಮೊದಲು ಅರ್ಧ ಬಿಗಿದು, ಸೀಲಂಟ್ ಗಟ್ಟಿಯಾದ ಮೇಲೆ ಪೂರ್ತಿ ಬಿಗಿಯಲಾಯಿತು. ಒಮ್ಮೆಲೇ ಬಿಗಿದರೆ ಸೀಲಂಟ್ ಎಲ್ಲ ಹೊರಗೆ ಹಿಂಡಿಹೋಗಿ ನಡುವೆ ಏನೂ ಉಳಿಯುವುದಿಲ್ಲ.

ಕಿಟಕಿಗಳ ಸುತ್ತಲಿನ ಹಳೆಯ ಸಿಲಿಕೋನನ್ನು ಕೆರೆದು ತೆಗೆಯುವುದೇ ಎಲ್ಲಕ್ಕಿಂತ ಬೇಸರದ ಕೆಲಸವಾಯಿತು. ಅದರ ಪಸೆ ಸ್ವಲ್ಪ ಉಳಿದರೂ ಮುಂದೆ ಹಚ್ಚುವ ಸೀಲಂಟ್ ಆಗಲಿ ಪೇಂಟ್ ಆಗಲಿ ಹಿಡಿಯುವುದಿಲ್ಲ. ಕೇಬಲುಗಳನ್ನು ಚಾವಣಿಯಿಂದ ಬಿಡಿಸಿ, ಕೊಡೆಯ ಹಿಡಿಯಂತೆ ಬಾಗಿದ ಸ್ಟೀಲ್ ಪೈಪಿನ ಮೂಲಕ ಒಳಗೆ ತಂದು, ಸೆಟ್ಟಿಗೆ ಸೇರುವ ಮೊದಲು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟೆ. ಕೇಬಲಿನ ಮೇಲೆ ಹರಿದು ಬಂದ ಹನಿ ಆ ಬಾಗಿನ ತಳದಿಂದಲೇ ಬಿದ್ದುಹೋಗುತ್ತದೆ. ಇಬ್ಬನಿಗಾಗಿ ಚಾವಣಿಯ ಒಳಮೈಗೆ ಫೋಮ್ ಹಾಳೆ ಅಂಟಿಸಿ, ಒಲೆಯ ಮೇಲೆ ಒಂದು ಗಾಳಿಗಿಂಡಿ ತೆರೆಯಲಾಯಿತು. ಮತ್ತು, ಎಲ್ಲಕ್ಕಿಂತ ಕಡಿಮೆ ಖರ್ಚಿನದಾಗಿ, ಚಾವಣಿಯ ಹಿಂದಿನ ಎರಡೂ ಮೂಲೆಗಳಲ್ಲಿ ನೀರು ಇಳಿಯುವ ತೂತುಗಳನ್ನು ಕೊರೆಯಲಾಯಿತು. ಸಾಲು ಸಾಲು ಬೋಟುಗಳಲ್ಲಿ ಈ ಎರಡು ತೂತುಗಳಿಲ್ಲದಿರುವುದನ್ನು ಆಮೇಲಿನಿಂದ ನಾನು ಗಮನಿಸುತ್ತಿದ್ದೇನೆ.

ಡ್ರಮ್‌ಗಳನ್ನು ಖಾಲಿ ಮಾಡುವ ಮೊದಲು ನೀಲಿ ನೀರಿನ ಪರೀಕ್ಷೆಯನ್ನು ಮತ್ತೆ ನಡೆಸಲಾಯಿತು. ಈ ಸಲ ಹಿಂದಿನ ತೂತುಗಳಿಗೆ ಬೆಣೆ ಹಾಕಿ, ಬೇಕೆಂದೇ ನೀರು ನಿಲ್ಲಿಸಿ, ಇಡೀ ಮಧ್ಯಾಹ್ನ ಕಾದೆವು. ಸುಣ್ಣದ ಪುಡಿ ಬೆಳ್ಳಗೇ ಇತ್ತು. ಆಗಸ್ಟಿನಲ್ಲಿ ಬೋಟ್ ಐಸ್ ತುಂಬಿಕೊಂಡು ಹೊರಟು ಮರಳಿದ ಮೇಲೆ ವಿಚಾರಿಸಿದಾಗ ಎರಡೂ ಬದಿಯ ಹಾಸಿಗೆಗಳು ಒಣಗಿದ್ದವು, ವಯರ್‌ಲೆಸ್ ಕೂಡ ಸರಿಯಾಗಿತ್ತು. ಬಂದ ದೂರು ಒಂದೇ: ಚಾವಣಿಯ ಹಿಂದಿನ ಹೊಸ ತೂತಿನಿಂದ ಸುರಿಯುವ ನೀರು ಬಲೆ ಎಳೆಯುವ ವಿಂಚ್ ಯಂತ್ರ ನಡೆಸುವವರ ಕುತ್ತಿಗೆಗೇ ಬೀಳುತ್ತಿತ್ತು. ಬೋಟ್ ಮತ್ತೆ ಹೊರಡುವ ಮೊದಲು ಎರಡೂ ತೂತುಗಳಿಗೆ ಎಲ್ಬೋ ಕೂರಿಸಿ, ಕ್ಯಾಬಿನ್ನಿನ ಹಿಂಗೋಡೆಯ ಮೇಲೆ ಪಿವಿಸಿ ಪೈಪ್ ಇಳಿಸಿ ಡೆಕ್ಕಿನ ಅಂಚಿಗೆ ಮುಟ್ಟಿಸಲಾಯಿತು.